ನಂಬರ್ ಯಾರ ಕೈಲಿದೆ?

ಅಕ್ಕಂದಿರೇ, ಅಣ್ಣಂದಿರೇ, ಹಿಂದೆ ನಿಂತಿರೋ ತಮ್ಮಂದಿರೇ, ನನಗೆ ಕೊಟ್ಟಿರೋದು ಐದು ನಿಮಿಷ. ಒಂದೇ ವಿಷಯ ಹೇಳ್ತೇನೆ.

ನಮ್ಮ ಚಿಕ್ಕಮ್ಮ ಶುಂಠಿ ಕೆಲಸಕ್ಕೆ ಕೊಡಗಿಗೆ ಹೋಗಿದ್ರು. ಅಲ್ಲಿದ್ದಷ್ಟು ತಿಂಗಳು ಊರಿನ ಸಿಮ್‌ಗೆ ರೀಚಾರ್ಜ್ ಮಾಡಲಿಲ್ಲ. ವಾಪಸ್ ಬಂದು ನೋಡಿದ್ರೆ ಆ ನಂಬರ್ ಬೇರೆ ಯಾರದೋ ಆಗಿದೆ. ಕಡಿತವಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಇನ್ನೊಬ್ಬರಿಗೆ ಕೊಡಬಹುದು, ನಿಯಮವೇ ಹಾಗಿದೆ. ಚಿಕ್ಕಮ್ಮನ ದಾಖಲೆಯೆಲ್ಲ ಡಿಜಿಲಾಕರ್‌ನಲ್ಲಿ. ಪಿನ್ ಮರೆತಿದೆ. ಹೊಸ ಪಿನ್ ಕೇಳಿದ್ರೆ ಓಟಿಪಿ ಹೋಗೋದು ಹಳೇ ನಂಬರಿಗೆ. ಮಗಳ ಇ-ಗ್ರಾಂಟ್ಸ್ ಅರ್ಜಿಯ ಕೊನೇ ದಿನ ಹತ್ತಿರ ಬಂದಿತ್ತು. "ನಾನೇ ಬಂದು ನಿಂತಿದ್ದೀನಲ್ಲ, ಇನ್ನೇನು ಗುರುತು ಬೇಕು?" ಅಂದ್ರು ಚಿಕ್ಕಮ್ಮ.

ಆಧಾರ್ ಕೇಂದ್ರಕ್ಕೆ ಹೋದೆವು. ಮೊಬೈಲ್ ನಂಬರ್ ಬದಲಿಸೋಕೆ ಬೇರೆ ಕಾಗದ ಬೇಡ, ಬೆರಳಚ್ಚು ಸಾಕು. ಆದ್ರೆ ಮಣ್ಣಲ್ಲಿ ದುಡಿದ ಬೆರಳು, ಗೆರೆ ಸವೆದಿತ್ತು. ಮೂರು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲ. "ನಾಳೆ ಬನ್ನಿ" ಅಂದ್ರು. ನಾಳೆ ಬೆರಳು ಹೊಸದಾಗಿ ಬೆಳೀತದಾ? ಒಂದು ದಿನದ ಕೂಲಿ ಹೋಗ್ತದೆ, ಅಷ್ಟೇ. ಕಣ್ಣಿನ ಪಾಪೆ ತಗೊಳ್ಳಿ ಅಂತ ಪಟ್ಟು ಹಿಡಿದೆವು. ತಗೊಂಡ್ರು, ಆಯ್ತು. ನೆನಪಿಡಿ, ಬೆರಳಿಗೆ ಆಗದಿದ್ರೆ ಕಣ್ಣು ಉಂಟು. ಕೇಳಬೇಕು. ತಕರಾರಿದ್ರೆ 1947ಕ್ಕೆ ಫೋನ್ ಮಾಡಿ. ಕೆಲವು ದಿನಕ್ಕೆ ಹೊಸ ನಂಬರ್ ಸೇರಿತು, ಓಟಿಪಿ ಬಂತು, ಖಾತೆ ತೆರೀತು.

2021ರಲ್ಲಿ ತೊಂಡರ್‌ನಾಡಿನಿಂದ ಶುರುವಾದ ಎಬಿಸಿಡಿ ಶಿಬಿರಗಳಲ್ಲಿ ನಮ್ಮ ವಯನಾಡಿನ ಆದಿವಾಸಿ ಬಂಧುಗಳಿಗೆ ಆಧಾರ್, ರೇಷನ್ ಕಾರ್ಡ್ ಮಾಡಿಸಿ, ಡಿಜಿಲಾಕರಿಗೂ ಹಾಕಿಕೊಟ್ರು. ಒಳ್ಳೇ ಕೆಲಸ. ಆದ್ರೆ ಪೆಟ್ಟಿಗೆ ನಮ್ಮದು, ಬೀಗದ ಕೈ ಅಂಗಡಿಯವರ ಹತ್ತಿರ, ಸಾಹುಕಾರರ ಹತ್ತಿರ ಅಂತಾಗಬಾರದು. ಅವರ ನಂಬರ್ ಕೊಟ್ಟಿದ್ರೆ ಬದಲಿಸಿ. ಕೂಲಿಗೆ ಹೊಳೆ ದಾಟಿ ಬೈರಕುಪ್ಪೆ ಕಡೆ ಹೋದರೂ ಊರಿನ ಸಿಮ್ ಜೀವಂತ ಇರಲಿ.

ಓದೋ ಮಕ್ಕಳಿಗೆ ಒಂದು ಮಾತು. ಜಿಮೇಲ್‌ಗೆ ಎರಡನೇ ಬೀಗ ಹಾಕಿದವರು 10 ಬ್ಯಾಕಪ್ ಕೋಡ್ ತೆಗೆದು ನೋಟ್‌ಬುಕ್ಕಲ್ಲಿ ಬರೆದಿಡಿ. ಒಂದು ಕೋಡ್ ಒಂದೇ ಸಲಕ್ಕೆ. ಫೋನ್ ಕಳೆದರೂ ಖಾತೆ ಉಳೀತದೆ. ಖಾತೆ ತೆರೆದುಕೊಡ್ತೀನಿ, ಓಟಿಪಿ ಹೇಳಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಇಟ್ಟುಬಿಡಿ. ದುಡ್ಡು ಹೋಗಿದ್ರೆ ತಡಮಾಡದೆ 1930.

ಊಟ ಆದ ಮೇಲೆ ಆ ಮೂಲೆ ಮೇಜಿನ ಹತ್ತಿರ ಕೂತಿರ್ತೇನೆ. ಫೋನ್ ತನ್ನಿ, ನಿಮ್ಮ ಆಧಾರಿಗೆ ಯಾವ ನಂಬರ್ ಸೇರಿದೆ ನೋಡೋಣ. ಪಿನ್ ಮಾತ್ರ ನನಗೂ ಹೇಳಬೇಡಿ.