ಮುಂಗಾರಿನ ಚಿಗುರು, ಮರಿಯ ಕರುಳು



ಮುಂಗಾರು ಬಿದ್ದು ಹುಲ್ಲು ಚಿಗುರಿದ ಕೂಡಲೇ ಕುರಿಮಂದೆಯಲ್ಲಿ ಮೊದಲು ಸಾಯುವುದು ಹೆಚ್ಚಾಗಿ ಚೆನ್ನಾಗಿ ಮೇದು ಮೈತುಂಬಿಕೊಂಡ ಮರಿ. ರಾತ್ರಿ ನೆಟ್ಟಗಿದ್ದದ್ದು ಬೆಳಗಾಗುವಷ್ಟರಲ್ಲಿ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ. ಯಾರೋ ಮದ್ದಿಟ್ಟರು ಎಂಬ ಅನುಮಾನ ಹುಟ್ಟುತ್ತದೆ, ನೆರೆಹೊರೆಯಲ್ಲಿ ಜಗಳವಾಗುತ್ತದೆ. ವಿಷವೇನೋ ನಿಜ. ಅದು ಹುಟ್ಟಿದ್ದು ಮರಿಯ ಕರುಳಲ್ಲೇ. ಇದೇ ಕರುಳುಬೇನೆ.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಎಂಬ ಬ್ಯಾಕ್ಟೀರಿಯಾದ ‘ಡಿ’ ಬಗೆ ಆರೋಗ್ಯವಾಗಿರುವ ಕುರಿಯ ಕರುಳಲ್ಲೂ ಅಷ್ಟಿಷ್ಟು ಇರುತ್ತದೆ. ಎಳೆ ಮೇವು, ಕಾಳು ಅತಿಯಾಗಿ, ಸರಿಯಾಗಿ ಜೀರ್ಣವಾಗದೆ ಸಣ್ಣ ಕರುಳಿಗೆ ಇಳಿದಾಗ ಅದು ಎಗ್ಗಿಲ್ಲದೆ ಬೆಳೆದು ಎಪ್ಸಿಲಾನ್ ಎಂಬ ವಿಷವನ್ನು ಸುರಿಸುತ್ತದೆ. ಹುಟ್ಟುವಾಗ ಈ ವಿಷಕ್ಕೆ ಶಕ್ತಿ ಸಾಲದು. ಆಹಾರ ಅರಗಿಸಲು ಕುರಿಯ ದೇಹವೇ ಸುರಿಸುವ ಟ್ರಿಪ್ಸಿನ್ ಅದರ ತುದಿ ಕತ್ತರಿಸಿದಾಗ ಅದು ಉಗ್ರವಾಗುತ್ತದೆ. ಆಮೇಲೆ ಏಳು ಅಣುಗಳು ಸುತ್ತುಗಟ್ಟಿ ಜೀವಕೋಶದ ಪೊರೆಗೆ ರಂಧ್ರ ಕೊರೆಯುತ್ತವೆ. ಮಿದುಳಿನ ರಕ್ತನಾಳ ಸೋರಿ ಮಿದುಳು ಊದುತ್ತದೆ.

ಆ ಹೊತ್ತಿಗೆ ಆಂಟಿಬಯಾಟಿಕ್ ಚುಚ್ಚಿದರೆ ಬ್ಯಾಕ್ಟೀರಿಯಾ ಸಾಯಬಹುದು, ರಕ್ತಕ್ಕಿಳಿದ ವಿಷ ಹಾಗೇ ಉಳಿಯುತ್ತದೆ. ವಿಷವನ್ನೇ ಹಿಡಿಯಬೇಕು ಎಂಬ ದಾರಿ ತೋರಿಸಿದವರು ಬೆರಿಂಗ್ ಮತ್ತು ಕಿಟಸಾಟೊ, 1890ರಲ್ಲಿ, ಬರ್ಲಿನ್‌ನಲ್ಲಿ. ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತದ ತಿಳಿ ಆ ವಿಷವನ್ನು ಅಡಗಿಸಿತು. ಆದರೆ ಆ ಔಷಧಕ್ಕೆ ಸಿಗುವುದು ಇನ್ನೂ ಅಂಟಿಕೊಳ್ಳದೆ ಓಡಾಡುವ ವಿಷ ಮಾತ್ರ. ಆದ್ದರಿಂದಲೇ ನನಗೆ 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ಟನ್ ರಾಮೋನ್ ಮಾಡಿದ ಕೆಲಸ ಇನ್ನೂ ದೊಡ್ಡದಾಗಿ ಕಾಣುತ್ತದೆ. ಫಾರ್ಮಾಲಿನ್ ಬೆರೆಸಿ ಬೆಚ್ಚಗಿಟ್ಟ ವಿಷ ಹಲ್ಲು ಕಿತ್ತ ಹಾವಿನಂತಾಯಿತು. ಅದನ್ನು ಗುರುತಿಟ್ಟುಕೊಂಡ ದೇಹ ನಿಜವಾದ ವಿಷ ಬರುವ ಮೊದಲೇ ಸಜ್ಜಾಗುತ್ತದೆ. ಮಚ್ಚು ತಗುಲಿದವರಿಗೆ ಹಾಕುವ ಧನುರ್ವಾಯು ಲಸಿಕೆ ಇದೇ. ಹೆಬ್ಬಾಳದ ಸರ್ಕಾರಿ ಸಂಸ್ಥೆ ತಯಾರಿಸುವ ಕರುಳುಬೇನೆ ಲಸಿಕೆಯ ಜೀವಾಳವೂ ಇದೇ.

ತಾಯಂದಿರಿಗೆ ಇದು ಹೊಸದೇನಲ್ಲ. ಬಸುರಿಗೆ ಧನುರ್ವಾಯು ಲಸಿಕೆ ಹಾಕಿದರೆ ಹುಟ್ಟುವ ಕೂಸಿಗೂ ರಕ್ಷೆ. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ 2015ರಲ್ಲಿ ನಿವಾರಿಸಿದ್ದರಲ್ಲಿ ಆ ಸೂಜಿಯದು ದೊಡ್ಡ ಪಾಲು. ಗಬ್ಬದ ಕುರಿಗೂ ಈಯುವ ಮುನ್ನ ಲಸಿಕೆ ಹಾಕಿಸಿ, ಗಿಣ್ಣುಹಾಲಿನಲ್ಲಿ ಮರಿಗೆ ಬಲ ಇಳಿಯುತ್ತದೆ.

ಮೊದಲ ಮರಿ ಸತ್ತ ಮೇಲೆ ಪಶು ಆಸ್ಪತ್ರೆಗೆ ಓಡುವವರನ್ನು ಕಂಡರೆ ಸಂಕಟವಾಗುತ್ತದೆ. ಲಸಿಕೆ ಬಲ ಹಿಡಿಯಲು ಎರಡು ವಾರವಾದರೂ ಬೇಕು, ಮೊದಲ ಬಾರಿಯಾದರೆ ಇನ್ನೊಂದು ಸೂಜಿಯೂ ಬೇಕು. ಮಳೆಗೆ ಮುಂಚೆಯೇ ಹಾಕಿಸಿ. ತಡವಾಗಿದ್ದರೆ ಬೆಳಗ್ಗೆ ಒಣಮೇವು ತಿನ್ನಿಸಿ, ಆಮೇಲೆ ಸ್ವಲ್ಪ ಹೊತ್ತು ಮಾತ್ರ ಚಿಗುರಿಗೆ ಬಿಡಿ.