ಎಂಜಿನ್ ಆಯಿಲಿಗೆ ಬೆರೆಸುವ 'ಟಾನಿಕ್': ಪರೀಕ್ಷೆ ಏನು ಹೇಳುತ್ತದೆ?

(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಎಂಜಿನ್ ಆಯಿಲಿನ ವಿಷಯ ಎತ್ತಿದರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಮೇವು ಕತ್ತರಿಸಲು, ನೀರೆತ್ತಲು, ಉಳಲು ನಮ್ಮಲ್ಲಿ ಅನೇಕರಿಗೆ ಡೀಸೆಲ್ ಎಂಜಿನ್ ಬೇಕೇ ಬೇಕು. ಅದರ ರಿಂಗು, ಲೈನರ್ ಸವೆದರೆ ರಿಪೇರಿಗೆ ಹೋಗುವುದು ಹಾಲಿನ ಬಟವಾಡೆಯ ಹಣವೇ. ಆದ್ದರಿಂದ "ಈ ಬಾಟಲಿ ಬೆರೆಸಿದರೆ ಸವೆತ ಅರ್ಧಕ್ಕಿಳಿಯುತ್ತದೆ" ಎಂದು ಯಾರಾದರೂ ಹೇಳಿದರೆ ಅದನ್ನು ಅಳೆದು ನೋಡುವ ಬಗೆ ನಮಗೆ ತಿಳಿದಿರಬೇಕು.

ಇಂಥ ಮಾರಾಟದಲ್ಲಿ ಒಂದು ಪ್ರಾತ್ಯಕ್ಷಿಕೆ ಉಂಟು. ತಿರುಗುವ ಉಕ್ಕಿನ ಬಳೆಗೆ ಉಕ್ಕಿನ ತುಂಡನ್ನು ಒತ್ತುತ್ತಾರೆ. ಬರೀ ಆಯಿಲಿನಲ್ಲಿ ಬಳೆ ಕಿರುಗುಟ್ಟಿ ನಿಲ್ಲುತ್ತದೆ. ಬಾಟಲಿಯದನ್ನು ಬೆರೆಸಿದೊಡನೆ ಸರಾಗವಾಗಿ ತಿರುಗುತ್ತದೆ. ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಆದರೆ ಅದು ವಿಪರೀತ ಒತ್ತಡದ ಪರೀಕ್ಷೆ. ಕ್ಲೋರಿನ್ ಇರುವ ಕೆಲವು ದ್ರವಗಳು ಇದರಲ್ಲಿ ಸುಲಭವಾಗಿ ಗೆಲ್ಲುತ್ತವೆ. ಅವೇ ಎಂಜಿನ್ನಿನೊಳಗೆ ಶಾಖ ಮತ್ತು ತೇವಕ್ಕೆ ಸಿಕ್ಕಿ ಆಮ್ಲವಾಗಿ ಲೋಹವನ್ನು ತಿನ್ನಬಲ್ಲವು.

ಪ್ರಯೋಗಾಲಯಗಳಲ್ಲಿ 'ನಾಲ್ಕು ಗುಂಡಿನ ಪರೀಕ್ಷೆ' ಎಂಬುದಿದೆ. ಆಯಿಲಿನಲ್ಲಿ ಮುಳುಗಿದ ಮೂರು ಉಕ್ಕಿನ ಗುಂಡುಗಳ ಮೇಲೆ ನಾಲ್ಕನೆಯದನ್ನು 40 ಕಿಲೋ ಭಾರದಲ್ಲಿ, 75 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ನಿಮಿಷಕ್ಕೆ 1200 ಸುತ್ತಿನಂತೆ ಒಂದು ಗಂಟೆ ತಿರುಗಿಸುತ್ತಾರೆ. ಕೆಳಗಿನ ಗುಂಡುಗಳ ಮೇಲೆ ಬಿದ್ದ ಸವೆತದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಆಯಿಲುಗಳನ್ನು ಹೋಲಿಸಲು ಇದು ಒಳ್ಳೆಯದೇ. ಆದರೆ ಅಲ್ಲಿ ಮಸಿಯಿಲ್ಲ, ಧೂಳಿಲ್ಲ, ಉರಿಯುವ ಡೀಸೆಲ್ ಇಲ್ಲ. ಕೊನೆಯ ಮಾತು ಹೇಳುವುದು ನಿಜವಾದ ಎಂಜಿನ್ನೇ. ಅದನ್ನು ಗೊತ್ತಾದ ಗಂಟೆ ಓಡಿಸಿ, ಬಿಚ್ಚಿ, ಭಾಗಗಳ ಸವೆತ ಅಳೆಯಬೇಕು. ಬೆರಕೆಯಿಲ್ಲದ ಅದೇ ಆಯಿಲಿನೊಡನೆ ಹೋಲಿಸಬೇಕು.

ನಮ್ಮ ಸಂಘದ ಉದಾಹರಣೆಯನ್ನೇ ನೋಡಿ. ನೀರು ಬೆರೆಸಿದ ಹಾಲಿಗೆ ಸಕ್ಕರೆ ಹಾಕಿದರೆ ಲ್ಯಾಕ್ಟೋಮೀಟರ್ ಮತ್ತೆ ಮೇಲೇಳುತ್ತದೆ. ಅದೊಂದನ್ನೇ ನಂಬಿ ನಾವು ದರ ಕಟ್ಟುತ್ತೇವೆಯೇ? ಹಾಗೆಯೇ ಇದೂ.

ಅಮೆರಿಕದಲ್ಲಿ ಸ್ಲಿಕ್ 50 ಎಂಬ ಬಾಟಲಿ ಭಾರಿ ಜಾಹೀರಾತಿನೊಡನೆ ಮಾರಾಟವಾಗುತ್ತಿತ್ತು. ಸವೆತ ಕಡಿಮೆಯಾಗುವುದೆಂಬ ಮಾತಿಗೆ ತಕ್ಕ ಆಧಾರವಿಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆಕ್ಷೇಪಿಸಿತು. 1997ರಲ್ಲಿ ಕಂಪನಿ ರಾಜಿಗೆ ಬಂದು, ಆಧಾರವಿಲ್ಲದೆ ಅಂಥ ಮಾತು ಆಡುವುದಿಲ್ಲವೆಂದು ಒಪ್ಪಬೇಕಾಯಿತು.

ಇನ್ನೊಂದು ವಿಷಯ. ಒಳ್ಳೆಯ ಎಂಜಿನ್ ಆಯಿಲಿನಲ್ಲಿ ಸವೆತ ತಡೆಯುವ ಸತು-ರಂಜಕದ ಸಂಯುಕ್ತವನ್ನು ತಯಾರಕರೇ ಅಳತೆ ಮಾಡಿ ಸೇರಿಸಿರುತ್ತಾರೆ. ಸಮತೋಲನ ಪಶು ಆಹಾರದ ಹಾಗೆ ಅದೊಂದು ಹದ. ಮೇಲಿನಿಂದ ಏನೋ ಸುರಿದರೆ ಹದ ಕೆಡಬಹುದು.

ಆದ್ದರಿಂದ ನನ್ನ ಸಲಹೆ ಇಷ್ಟೆ:

1. ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ, ಸೀಲು ನೋಡಿ ಕೊಳ್ಳಿ.
2. ಓಡಿದ ಗಂಟೆಗಳನ್ನು ಬರೆದಿಟ್ಟು ಹೊತ್ತಿಗೆ ಸರಿಯಾಗಿ ಬದಲಿಸಿ.
3. ಮೇವಿನ ಧೂಳು ಎಂಜಿನ್ನಿಗೆ ದೊಡ್ಡ ಶತ್ರು. ಏರ್ ಫಿಲ್ಟರ್ ಆಗಾಗ ಶುಚಿಮಾಡಿ.
4. ಬಾಟಲಿ ಮಾರುವವರನ್ನು ಕೇಳಿ: "ಯಾವ ಎಂಜಿನ್ನಿನಲ್ಲಿ, ಎಷ್ಟು ಗಂಟೆ, ಯಾವುದರೊಡನೆ ಹೋಲಿಸಿ ಪರೀಕ್ಷಿಸಿದ್ದೀರಿ?"

ಉತ್ತರ ಬಾರದಿದ್ದರೆ ಆ ಹಣಕ್ಕೆ ಹಸುವಿಗೆ ಖನಿಜ ಮಿಶ್ರಣ ತನ್ನಿ.