ಗಂಗಾಳ ತೊಳೆಯುವ ಕೈ



ಇಂದು ಬೇರೆ ವಿಷಯ ಹೇಳಬೇಕೆಂದಿದ್ದೆವು. ದಾಸೋಹದ ಪಂಕ್ತಿಯನ್ನು ನೋಡಿ ಬಂದ ಮೇಲೆ ಗಂಗಾಳದ ಮಾತನ್ನೇ ಆಡೋಣವೆನಿಸಿತು.

ನಮ್ಮ ಕಡೆಯ ರೈತನ ಮೊದಲನೆಯ ತಾಟು ಯಾವುದು? ರೊಟ್ಟಿಯೇ! ಹೊಲದಲ್ಲಿ ಎಡಗೈ ಮೇಲೆ ರೊಟ್ಟಿ, ಅದರ ಮೇಲೆ ಪಲ್ಯ, ಹಿಂಡಿ. ಮುರಿದ ತುಣುಕೇ ಚಮಚ. ಉಂಡ ಮೇಲೆ ತಾಟೂ ಇಲ್ಲ, ಚಮಚವೂ ಇಲ್ಲ. ಹೈದರಾಬಾದಿನಲ್ಲಿ ಜೋಳದ ಹಿಟ್ಟಿನಿಂದ ತಿನ್ನುವ ಚಮಚ ಮಾಡಿದಾಗ ಜನ ಬೆರಗಾದರು. ಒಳ್ಳೆಯ ಯೋಚನೆಯೇ. ನಮ್ಮ ತಾಯಂದಿರು ಅದನ್ನು ದಿನವೂ ಬಡಿಯುತ್ತಾರೆ.

ಮುತ್ತುಗದೆಲೆಯ ಪತ್ರಾವಳಿ, ಬಾಳೆಲೆ, ಕಂಚು, ಹಿತ್ತಾಳೆ ಇವೆಲ್ಲ ನಿಮಗೆ ಗೊತ್ತು. ಹಿತ್ತಾಳೆಗೆ ಹುಳಿ ಆಗದು, ಕಲಾಯಿ ಹಾಕಿಸಬೇಕು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಎಂಬಾತ ಬಂದೂಕಿನ ನಳಿಗೆ ಸವೆಯಬಾರದೆಂದು ಉಕ್ಕಿಗೆ ಕ್ರೋಮಿಯಂ ಬೆರೆಸಿ ನೋಡಿದ. ತುಕ್ಕು ಹಿಡಿಯದ ಉಕ್ಕು ದೊರೆಯಿತು. ಕೊಲ್ಲುವುದಕ್ಕೆ ಹೊರಟದ್ದು ಉಣ್ಣುವುದಕ್ಕೆ ಬಂತು, ನೋಡಿರಿ!

ಆದರೆ ದೊಡ್ಡಿಯ ಗೋಡೆಗೆ ಸಿಕ್ಕಿಸಿಟ್ಟ ಬೇರೆ ಗಂಗಾಳ, ಹೋಟೆಲಿನ ಹೊರಗಿನ ಬೇರೆ ಲೋಟ, ಇವನ್ನು ಕಾಣದ ಹಿರಿಯರು ನಿಮ್ಮಲ್ಲಿ ಎಷ್ಟು ಮಂದಿ? ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಸವಿದನೆಂದು ಪುರಾಣದಲ್ಲಿ ಕೇಳಿ ಕಣ್ಣೀರು ತರುತ್ತೇವೆ. ಚೆನ್ನಯ್ಯನ ಕುಲದವನು ಬಾಗಿಲಿಗೆ ಬಂದರೆ ಬೇರೆ ಲೋಟ ಹುಡುಕುತ್ತೇವೆ. ಬಿಸಾಡುವ ಲೋಟ ಬಂದಾಗ ಈ ಪೀಡೆ ತೊಲಗಿತೆಂದುಕೊಂಡೆವು. ಕೆಲವೆಡೆ ನೋಡಿದರೆ ಒಬ್ಬನಿಗೆ ಸ್ಟೀಲು, ಇನ್ನೊಬ್ಬನಿಗೆ ಕಾಗದ! ಭೇದ ಹಾಗೆಯೇ ಉಳಿಯಿತು, ತೊಳೆಯುವ ಕಷ್ಟ ಮಾತ್ರ ತಪ್ಪಿತು.

ಥರ್ಮೋಕೋಲ್ ತಾಟುಗಳನ್ನು ಕರ್ನಾಟಕ ಸರ್ಕಾರ 2016ರಲ್ಲಿಯೇ ನಿಷೇಧಿಸಿತು. ಆದರೂ ಕಳೆದ ಜಾತ್ರೆಯಲ್ಲಿ ಭಕ್ತರು ಗಾಡಿ ತುಂಬ ತಂದರು, ನಾವು ಬೇಡವೆನ್ನಲಿಲ್ಲ. ಆ ತಪ್ಪು ನಮ್ಮದು. ಮರುದಿನ ದಾಸೋಹದ ಹಿತ್ತಲಲ್ಲಿ ಹಸುವೊಂದು ಅದನ್ನು ಜಗಿಯುತ್ತ ನಿಂತಿತ್ತು. ಮಲೆನಾಡಿನ ಅಡಿಕೆ ಹಾಳೆಯ ತಟ್ಟೆ ತರಿಸೋಣವೆಂದರು. ಅದು ಮಣ್ಣಿನಲ್ಲಿ ಕೊಳೆಯುತ್ತದೆ, ನಿಜ. ಅಷ್ಟು ಸಾವಿರ ತಟ್ಟೆಯ ಹಣದಲ್ಲಿ ಎಷ್ಟು ಚೀಲ ಜೋಳ ಬಂದೀತು?

ಪ್ರಸಾದನಿಷ್ಠರಾದ ಹಿರಿಯರು ತಾಟು ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಅವರ ಪಾಲಿಗೆ ಎಂಜಲೆಂಬುದೇ ಇರಲಿಲ್ಲ.

ಬರುವ ಜಾತ್ರೆಗೆ ಮನೆಯಿಂದಲೇ ಗಂಗಾಳ, ಲೋಟ ಕಟ್ಟಿಕೊಂಡು ಬನ್ನಿರಿ. ತರಲಾಗದವರಿಗೆ ಮಠದ ಸ್ಟೀಲ್ ತಾಟುಗಳಿವೆ. ಬಾವಿಯ ಕಡೆ ಮೊದಲನೆಯ ನಲ್ಲಿಯ ಹತ್ತಿರ ನಾವು ತೊಳೆಯಲು ಕುಳಿತಿರುತ್ತೇವೆ. ಕೊಡುವುದಕ್ಕೆ ಸಂಕೋಚ ಬೇಡ. ನಮ್ಮ ಜೊತೆಗೆ ಇನ್ನೂ ಹತ್ತು ಮಂದಿ ಬೇಕು, ಯಾವ ಕೇರಿಯವರ ತಾಟೆಂದು ಕೇಳದವರು. ಹೋಗುವಾಗ ಕಚೇರಿಯಲ್ಲಿ ಹೆಸರು ಬರೆಸಿರಿ.